ಕಾರವಾರದ ಹಳೆ ಕಾಂಕ್ರೀಟ್ ಆಫೀಸ್: ಕೆಡವುವುದಾ, ರಿಪೇರಿ ಮಾಡುವುದಾ?

ಕಾಳಿ ದಂಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಮ್ಮದು ಕಾರವಾರದಲ್ಲಿ ಒಂದು ಹಳೆ ಸಹಕಾರಿ ಸಂಘ. ಹೆಸರು ಬೇಡ. ಸಂಘಕ್ಕೆ ಸ್ವಂತ ಕಟ್ಟಡ ಇದೆ, ನೆಲಮಹಡಿ ಮತ್ತು ಮೇಲೆ ಎರಡು ಮಹಡಿ. ಅಡಿಗಲ್ಲಿನ ಮೇಲೆ ಮುಂಬಯಿ ರಾಜ್ಯ ಅಂತ ಇದೆ, ಉದ್ಘಾಟನೆಯ ಕಲ್ಲಿನ ಮೇಲೆ ಮೈಸೂರು ರಾಜ್ಯ. ಅಂದ್ರೆ ಕಟ್ಟುತ್ತಾ ಇರುವಾಗಲೇ 1956ರ ನವೆಂಬರ್ 1 ಬಂದು ಹೋಗಿದೆ. ಗವಂಡಿ ಅದೇ, ಸಿಮೆಂಟು ಅದೇ, ರಾಜ್ಯ ಮಾತ್ರ ಬೇರೆ!

ನಮ್ಮ ಕಡೆಯ ಹಂಚಿನ ಕಟ್ಟಡದ ಥರ ಅಲ್ಲ ಇದು. ಚಪ್ಪಟೆ ತಾರಸಿ. ಸಮುದ್ರದ ಕಡೆಯ ಗೋಡೆಯ ಉದ್ದಕ್ಕೂ ಕಾಂಕ್ರೀಟಿನ ತೆಳು ಹಲಗೆಗಳು ಸ್ವಲ್ಪ ಓರೆಯಾಗಿ ನಿಂತಿವೆ. ಮೆಟ್ಟಿಲಿನ ಕಡೆ ನೆಲದಿಂದ ತಾರಸಿವರೆಗೆ ಕಾಂಕ್ರೀಟ್ ಜಾಲಿ. ಮುಂದೆ ಎರಡೇ ಕಂಬದ ಮೇಲೆ ಚಾಚಿಕೊಂಡ ಪೋರ್ಚ್. ಮೊಸಾಯಿಕ್ ಮೆಟ್ಟಿಲು, ಅಂಚಿಗೆ ಹಿತ್ತಾಳೆ ಪಟ್ಟಿ. ಚಿಕ್ಕವನಿದ್ದಾಗ ಅಪ್ಪನ ಜೊತೆ ಹೋದರೆ ಆ ಹಿತ್ತಾಳೆ ಪಟ್ಟಿ ಮೇಲೆ ಮಾತ್ರ ಕಾಲಿಟ್ಟು ಹತ್ತುತ್ತಿದ್ದೆ.

ಈಗಿನ ಪರಿಸ್ಥಿತಿ ಹೇಳುತ್ತೇನೆ. ಹೋದ ಮಳೆಗಾಲದಲ್ಲಿ ಕಿಟಕಿ ಮೇಲಿನ ಛಜ್ಜಾದ ಒಂದು ತುಂಡು ಕಳಚಿ ಸ್ಕೂಟರಿನ ಸೀಟಿನ ಮೇಲೆ ಬಿತ್ತು. ಸ್ಕೂಟರಿನ ಮೇಲೆ ಯಾರೂ ಇರಲಿಲ್ಲ, ಪುಣ್ಯ. ಮೇಲಿನ ಮಹಡಿಯಲ್ಲಿ ಬಕೆಟ್ ಇಟ್ಟೇ ಕೆಲಸ ಮಾಡುತ್ತಾರೆ. ಕಮಿಟಿಯಲ್ಲಿ ಹೆಚ್ಚಿನವರ ಮಾತು ಒಂದೇ: ಕೆಡವಿ, ಮುಂದೆ ಪೂರ್ತಿ ಗಾಜು ಹಾಕಿ ನಾಲ್ಕು ಮಹಡಿ ಎಬ್ಬಿಸಿ, ಕೆಳಗೆ ಅಂಗಡಿ ಬಾಡಿಗೆಗೆ ಕೊಡಿ. ಕೊಟೇಶನ್ ಕೂಡ ಬಂದಿದೆ. ನಾನು ಕಟ್ಟಡ ಉಪಸಮಿತಿಯಲ್ಲಿದ್ದೇನೆ. ನನಗೆ ಮನಸ್ಸಿಲ್ಲ. ಆದರೆ "ಮನಸ್ಸಿಲ್ಲ" ಅಂತ ಮೀಟಿಂಗಿನಲ್ಲಿ ಹೇಳಿದರೆ ನಗುತ್ತಾರೆ. ಇಂಥ ಕಟ್ಟಡ ನಿಜವಾಗಿ ಉಳಿಯುತ್ತದಾ? ಉಳಿದರೆ ಇವತ್ತಿನ ಕಂಪ್ಯೂಟರು, ಲಿಫ್ಟು, ಎಸಿ ಎಲ್ಲಕ್ಕೂ ಒಗ್ಗುತ್ತದಾ? ಗೊತ್ತಿದ್ದವರು ಹೇಳಿ.

ಲೆಕ್ಕ ಪಕ್ಕಾ

ಕೆಡವಿ. ಅರವತ್ತು ವರ್ಷ ದಾಟಿದ ಕಾಂಕ್ರೀಟು, ಅದೂ ಸಮುದ್ರದ ಪಕ್ಕ. ಚಿರೇಕಲ್ಲಿನ ಹಂಚಿನ ಮನೆ ಆಗಿದ್ದರೆ ನಾನೂ ಉಳಿಸಿ ಅಂತಿದ್ದೆ, ಅದಕ್ಕೆ ಒಂದು ಅಂದ ಇದೆ. ಇದು ಬರೀ ಡಬ್ಬಿ. ಸದಸ್ಯರ ದುಡ್ಡನ್ನು ತೂತು ಬಿದ್ದ ಕೊಡಕ್ಕೆ ಸುರಿಯಬೇಡಿ. ಸ್ಕೂಟರಿನ ಮೇಲೆ ಜನ ಇದ್ದಿದ್ದರೆ ಇವತ್ತು ಈ ಚರ್ಚೆಯೇ ಇರುತ್ತಿರಲಿಲ್ಲ, ಕೋರ್ಟಿನಲ್ಲಿರುತ್ತಿದ್ದಿರಿ.

ನಿವೃತ್ತ ಗುಮಾಸ್ತ

ಆ ಕಟ್ಟಡ ಯಾವುದು ಅಂತ ಹಿತ್ತಾಳೆ ಪಟ್ಟಿ ಅಂದ ಕೂಡಲೇ ಗೊತ್ತಾಯಿತು. ಹೆಸರು ನಾನೂ ಹೇಳುವುದಿಲ್ಲ. ಅದರೊಳಗೆ ಮೂರು ದಶಕ ಕೂತು ಎದ್ದವನು ನಾನು.

ಮೊದಲು ಒಂದು ಮಾತು. ಹಳೆ ಕಟ್ಟಡ ಅಂತ ತುಂಬಾ ಹೊಗಳಬೇಡಿ. ಎಪ್ರಿಲ್ ಕೊನೆಗೆ ಎರಡನೇ ಮಹಡಿಯಲ್ಲಿ ಮಧ್ಯಾಹ್ನ ಮೂರಕ್ಕೆ ಕೂತು ನೋಡಿ. ತಾರಸಿ ಕಾದು ತಲೆ ಮೇಲೆ ರೊಟ್ಟಿ ಹಂಚು ಇಟ್ಟ ಹಾಗೆ. ಹೆಂಗಸರಿಗೆ ಬೇರೆ ಶೌಚಾಲಯವೇ ಇರಲಿಲ್ಲ. ಆಮೇಲೆ ಮೊದಲ ಮಹಡಿಯ ಮೂಲೆಯಲ್ಲಿ ಒಂದು ಮಾಡಿದರು, ಅದು ಅವತ್ತಿನಿಂದ ಸೋರುತ್ತಲೇ ಇದೆ.

ಆದರೆ ನಾನು ಕೆಲಸಕ್ಕೆ ಸೇರಿದಾಗ ಕೆಳಗಿನ ಎರಡು ಮಹಡಿಯಲ್ಲಿ ಸೆಕೆ ಅಂತ ಯಾರೂ ಅಂದಿದ್ದು ನೆನಪಿಲ್ಲ. ಸಂಜೆ ನಾಲ್ಕಕ್ಕೆ ಸಮುದ್ರದ ಗಾಳಿ ಶುರುವಾದರೆ ಮೇಜಿನ ಮೇಲೆ ಒಂದು ಹಾಳೆ ನಿಲ್ಲುತ್ತಿರಲಿಲ್ಲ. ಒಬ್ಬೊಬ್ಬರಿಗೆ ನಾಲ್ಕು ನಾಲ್ಕು ಪೇಪರ್‌ವೇಟ್ ಕೊಡುತ್ತಿದ್ದರು. ಆಮೇಲೆ ಒಂದೊಂದಾಗಿ ಸುಧಾರಣೆ ಶುರುವಾಯಿತು. ಮಳೆ ಎರಚಲು ಬರುತ್ತದೆ ಅಂತ ಮೆಟ್ಟಿಲಿನ ಜಾಲಿಗೆ ಒಳಗಿನಿಂದ ಇಟ್ಟಿಗೆ ಕಟ್ಟಿದರು. ಆವತ್ತಿನಿಂದ ಹಗಲಿಗೂ ಟ್ಯೂಬ್‌ಲೈಟು. ಕಬ್ಬಿಣದ ಕಿಟಕಿಗೆ ಜಂಗು ಹಿಡಿಯಿತು, ತೆಗೆದು ಅಲ್ಯುಮಿನಿಯಂ ಸ್ಲೈಡಿಂಗ್ ಹಾಕಿದರು. ಸ್ಲೈಡಿಂಗ್ ಅಂದ್ರೆ ಗೊತ್ತಲ್ಲ, ಎಷ್ಟು ಎಳೆದರೂ ಅರ್ಧವೇ ತೆರೆಯುವುದು. ತಾರಸಿ ಸೋರಿತು, ನೀರು ಇಳಿಯದ ಹಾಗೆ ಮೇಲೆ ಇಟ್ಟಿಗೆ ಚೂರು, ಗಾರೆಯ ದಪ್ಪ ಪದರ ಹಾಕಿ ಕೋಬಾ ಮಾಡಿದರು. ಹತ್ತು ಹನ್ನೆರಡು ವರ್ಷಕ್ಕೆ ಅದೂ ಸೋರಿತು, ಹಳೆಯದನ್ನು ತೆಗೆಯದೆ ಅದರ ಮೇಲೆ ಇನ್ನೊಂದು ಕೋಬಾ. ಕೊನೆಗೆ ಎಲ್ಲ ಕಡೆ ಎಸಿ. ಅದರ ನೀರು ಛಜ್ಜಾದ ಮೇಲೇ ಬೀಳುತ್ತದೆ.

ಅಂದ ಹಾಗೆ, ಮೂಲ ನಕ್ಷೆ ದಾಖಲೆ ಕೋಣೆಯ ಹಸಿರು ಕಪಾಟಿನಲ್ಲಿರಬೇಕು, ಮೇಲಿನ ಖಾನೆ, ಬಟ್ಟೆ ಸುತ್ತಿದ ಉದ್ದದ ಸುರುಳಿ. ಅದರ ಮೇಲಿನ ಷರಾ ಎಲ್ಲ ಮರಾಠಿಯಲ್ಲಿದೆ. ಇಲಿ ತಿಂದಿರದಿದ್ದರೆ ಸಿಗುತ್ತದೆ.

ಸರಳು ಸಿಮೆಂಟು

ಗುಮಾಸ್ತರೇ, ನಕ್ಷೆ ಎಲ್ಲಿದೆ ಅಂತ ಹೇಳಿ ದೊಡ್ಡ ಉಪಕಾರ ಮಾಡಿದಿರಿ.

ನಾನು ಕುಮಟಾ ಕಡೆಯವನು, ಕಾಂಕ್ರೀಟ್ ರಿಪೇರಿಯೇ ಕೆಲಸ. ಎರಡೂ ಕಡೆಯವರಿಗೆ ಒಂದು ಮಾತು. ವಯಸ್ಸು ನೋಡಿ ಕೆಡವುವುದೂ ತಪ್ಪು, ಅಂದ ನೋಡಿ ಉಳಿಸುವುದೂ ತಪ್ಪು. ಮೊದಲು ಪರೀಕ್ಷೆ ಮಾಡಿಸಿ.

ಕಾಂಕ್ರೀಟಿನೊಳಗಿನ ಸರಳಿಗೆ ಸುಮ್ನೆ ತುಕ್ಕು ಹಿಡಿಯುವುದಿಲ್ಲ. ಹೊಸ ಕಾಂಕ್ರೀಟು ಕ್ಷಾರೀಯ, ಪಿಎಚ್ 12ರ ಮೇಲೆ. ಅಷ್ಟು ಕ್ಷಾರದಲ್ಲಿ ಕಬ್ಬಿಣದ ಮೈ ಮೇಲೆ ಒಂದು ತೆಳ್ಳನೆ ಪದರ ಕೂತು ಕಾಯುತ್ತದೆ. ಇದನ್ನು ಇಬ್ಬರು ಕೆಡಿಸುತ್ತಾರೆ. ಒಂದು ಗಾಳಿಯ ಇಂಗಾಲದ ಡೈಆಕ್ಸೈಡು. ಅದು ವರ್ಷವರ್ಷ ಒಳಗಿಳಿದು ಪಿಎಚ್ ಅನ್ನು 9ರ ಕೆಳಗೆ ತರುತ್ತದೆ. ಇನ್ನೊಂದು ಉಪ್ಪು. ಉಪ್ಪಿಗೆ ಅಷ್ಟು ಪುರುಸೊತ್ತು ಬೇಕಿಲ್ಲ, ಕ್ಷಾರ ಇದ್ದಾಗಲೇ ಪದರವನ್ನು ಅಲ್ಲಲ್ಲಿ ತೂತು ಮಾಡುತ್ತದೆ. ತುಕ್ಕು ಆದ ಕಬ್ಬಿಣ ಮೊದಲಿಗಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಒಳಗಿನಿಂದ ಒತ್ತುತ್ತದೆ, ಸರಳನ್ನು ಮುಚ್ಚಿದ ಹೊರಗಿನ ಕಾಂಕ್ರೀಟು, ಅಂದ್ರೆ ಕವರ್, ಸಿಡಿದು ಬೀಳುತ್ತದೆ. ನಿಮ್ಮ ಸ್ಕೂಟರಿನ ಮೇಲೆ ಬಿದ್ದದ್ದು ಅದು.

ಆ ಕಾಲದ ಸ್ಲ್ಯಾಬು, ಛಜ್ಜಾಗಳಲ್ಲಿ ಸರಳಿನ ಮೇಲೆ ಅರ್ಧ ಇಂಚಿನ ಆಸುಪಾಸು ಕವರ್ ಇರುತ್ತಿತ್ತು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456, ಅಂದ್ರೆ ಅದರ 2000ದ ಆವೃತ್ತಿ, ಕರಾವಳಿಯ ಗಾಳಿಗೆ ಮೈಯೊಡ್ಡಿದ ಕಾಂಕ್ರೀಟಿಗೆ ಕಡಿಮೆ ಅಂದರೂ 45 ಮಿಲಿಮೀಟರ್ ಕವರ್, ಎಂ30 ದರ್ಜೆಯ ಗಟ್ಟಿತನ ಕೇಳುತ್ತದೆ. ಎಲ್ಲಿ ಅರ್ಧ ಇಂಚು, ಎಲ್ಲಿ 45 ಮಿಲಿಮೀಟರು! ಹಾಗಾಗಿ ತೆಳು ಭಾಗಗಳು ಮೊದಲು ಹೋಗುವುದು ಸಹಜ. ಕಂಬ ಮತ್ತು ಒಳಗಿನ ತೊಲೆ ಎಷ್ಟೋ ಸಲ ಗಟ್ಟಿಯಾಗೇ ಇರುತ್ತವೆ.

ಏನು ಪರೀಕ್ಷೆ ಅಂತ ಕೇಳುತ್ತೀರಿ. ಸುತ್ತಿಗೆಯಿಂದ ತಟ್ಟುತ್ತಾ ಹೋಗುವುದು ಎಲ್ಲಕ್ಕಿಂತ ಅಗ್ಗ. ಡಬ್ ಡಬ್ ಅಂದರೆ ಒಳಗೆ ಬಿಟ್ಟುಕೊಂಡಿದೆ. ಆಮೇಲೆ ಅಲ್ಲಲ್ಲಿ ಸ್ವಲ್ಪ ಒಡೆದು ಫೀನಾಲ್ಫ್ತಲೀನ್ ಸಿಂಪಡಿಸುತ್ತಾರೆ, ಶಾಲೆಯ ಲ್ಯಾಬಿನಲ್ಲಿ ನೋಡಿರುತ್ತೀರಿ. ಗುಲಾಬಿ ಬಣ್ಣ ಬಂದರೆ ಕ್ಷಾರ ಉಳಿದಿದೆ, ಬಣ್ಣ ಬರದಿದ್ದರೆ ಹೋಗಿದೆ. ಬಣ್ಣ ಶುರುವಾಗುವ ಗೆರೆ ಸರಳಿನ ಹೊರಗಿದೆಯಾ ಒಳಗಿದೆಯಾ ಅನ್ನುವುದೇ ಮುಖ್ಯ, ಹೊರಗಿದ್ದರೆ ಒಳ್ಳೆಯದು. ಕೊರೆದು ಪುಡಿ ತೆಗೆದು ಉಪ್ಪಿನ ಪ್ರಮಾಣ ನೋಡಬೇಕು, ನಮ್ಮ ಕಡೆ ಇದನ್ನು ಬಿಡಲೇಬಾರದು. ಹಾಫ್ ಸೆಲ್ ಅಂತ ಇನ್ನೊಂದಿದೆ, ತಾಮ್ರದ ಎಲೆಕ್ಟ್ರೋಡ್ ಇಟ್ಟು ವೋಲ್ಟೇಜ್ ಓದುವುದು. ಮೈನಸ್ 350 ಮಿಲಿವೋಲ್ಟ್‌ಗಿಂತ ಕೆಳಗೆ ಓದಿದರೆ ಅಲ್ಲಿ ತುಕ್ಕು ನಡೆಯುತ್ತಿರುವ ಸಾಧ್ಯತೆ ಶೇಕಡಾ 90ಕ್ಕಿಂತ ಜಾಸ್ತಿ. ಗಟ್ಟಿತನಕ್ಕೆ ಕೋರ್, ಅಂದ್ರೆ ಕಾಂಕ್ರೀಟಿನ ಉರುಳೆ ತುಂಡು, ಕೊರೆದು ತೆಗೆಸಿ. ಮೇಲ್ಮೈಗೆ ಬಡಿದು ಪುಟಿತ ಅಳೆಯುವ ರೀಬೌಂಡ್ ಹ್ಯಾಮರ್ ಮಾತ್ರ ಹೊಡೆದು ವರದಿ ಕೊಡುವವರನ್ನು ನಂಬಬೇಡಿ. ಹಳೆ ಕಾಂಕ್ರೀಟಿನ ಮೇಲ್ಮೈ ಗಟ್ಟಿಯಾಗಿರುತ್ತದೆ, ಹ್ಯಾಮರ್ ಸುಳ್ಳು ಹೇಳುತ್ತದೆ.

ಇನ್ನು ಆ ಎರಡು ಕೋಬಾ. ನಾಲ್ಕು ಇಂಚಿನ ಒಂದು ಕೋಬಾ ಅಂದ್ರೆ ಚದರ ಮೀಟರಿಗೆ 200 ಕಿಲೋ ಹತ್ತಿರ. ಎರಡು ಅಂದ್ರೆ 400. ಜನ ಓಡಾಡುವ ತಾರಸಿಗೆ ಲೆಕ್ಕ ಹಿಡಿಯುವ ಭಾರವೇ ಚದರ ಮೀಟರಿಗೆ 150 ಕಿಲೋ. ಸೋರಿಕೆ ನಿಲ್ಲಿಸಲು ಹೋಗಿ ಆನೆ ಹತ್ತಿಸಿ ಕೂರಿಸಿದ್ದಾರೆ.

ಬೈತ್‌ಕೋಲ್ ಹುಡುಗ

ನಾನು ಇಂಜಿನಿಯರ್ ಅಲ್ಲ, ಬೋಟಿನವನು. ಒಂದು ಡೌಟು. ನಮ್ಮ ದಕ್ಕೆ ಹತ್ತಿರದ ಹಳೆ ಕಟ್ಟಡದಲ್ಲೂ ನೋಡಿದ್ದೇನೆ, ಮಳೆ ನೇರ ಬೀಳುವ ಮೇಲಿನ ಭಾಗ ಚೆನ್ನಾಗಿರುತ್ತದೆ, ಮಳೆ ತಾಗದ ಛಜ್ಜಾದ ಅಡಿಭಾಗವೇ ಉದುರುತ್ತದೆ. ಯಾಕೆ? ನಾವು ಕಡಲಿನಿಂದ ಬಂದ ಮೇಲೆ ಇಂಜಿನ್ನಿಗೆ ಸಿಹಿ ನೀರು ಹಾಯಿಸುತ್ತೇವೆ, ಇಲ್ಲದಿದ್ದರೆ ಒಂದೇ ಸೀಸನ್ನಿಗೆ ಹೋಗುತ್ತದೆ. ಅದೇ ಲೆಕ್ಕ ಇಲ್ಲೂ ಇರಬಹುದಾ ಅಣ್ಣ?

ಸರಳು ಸಿಮೆಂಟು

ತಮ್ಮಾ, ನೂರಕ್ಕೆ ನೂರು ಅದೇ. ತೆರೆದ ಮುಖಕ್ಕೆ ಕೂತ ಉಪ್ಪನ್ನು ನಮ್ಮ ಮಳೆ ತೊಳೆದು ಬಿಡುತ್ತದೆ. ವರ್ಷಕ್ಕೆ 3000 ಮಿಲಿಮೀಟರ್ ಸುರಿಯುವ ಊರು ನಮ್ಮದು. ಅಡಿಭಾಗಕ್ಕೆ ಗಾಳಿ ಉಪ್ಪು ತರುತ್ತದೆ, ತೊಳೆಯುವವರು ಯಾರೂ ಇಲ್ಲ. ಹಾಗಾಗಿ ಛಜ್ಜಾದ ಅಡಿ, ಪೋರ್ಚಿನ ಅಡಿ, ಹಲಗೆಗಳ ಹಿಂಬದಿ, ಈ ಮೂರು ಕಡೆ ಮೊದಲು ನೋಡಿ. ಬೇಸಿಗೆಯಲ್ಲಿ ಪೈಪ್ ಹಿಡಿದು ತೊಳೆದರೂ ಲಾಭವೇ, ಬಿರುಕು ಇಲ್ಲದಿದ್ದರೆ.

ಸಿರ್ಸಿ ಮಾಣಿ

ನಮ್ಮೂರಿನ ಕತೆ ಹೇಳುತ್ತೇನೆ, ಎಚ್ಚರಿಕೆಗೆ ಆದೀತು. ಶಿರಸಿಯಲ್ಲಿ ನಮ್ಮ ಸಂಬಂಧಿಕರದ್ದೊಂದು ಎರಡು ಮಹಡಿ ಕಟ್ಟಡ, ಹಳೇದು, ಅಡಕೆ ವ್ಯಾಪಾರದ ಆಫೀಸಿತ್ತು. ಉಪ್ಪಿನ ಕಾಟ ಇಲ್ಲ, ನೀರಿನದ್ದೇ ಕಾಟ. ತೊಲೆಯ ಅಡಿ ಉದುರಿತು. ಒಬ್ಬ ಕಂಟ್ರಾಕ್ಟರು ಬಂದ. ಉದುರಿದ ಜಾಗಕ್ಕೆ ಮಾತ್ರ ಸಿಮೆಂಟು ಮೆತ್ತಿದ, ಮೇಲೆ ಚಂದದ ಪೇಂಟು. ಎರಡು ಮಳೆಗಾಲ ಸರಿ ಇತ್ತು. ಮೂರನೇ ವರ್ಷ ಮೆತ್ತಿದ ಜಾಗ ಗಟ್ಟಿಯಾಗಿದೆ, ಅದರ ಎರಡೂ ಪಕ್ಕ ಒಂದೊಂದು ಅಡಿ ಉದುರಿದೆ! ನಮ್ಮ ಭಾವ, ಇದೆಂತ ಮಾರಾಯ, ಹಲ್ಲು ಕಟ್ಟಿಸಿದರೆ ಪಕ್ಕದ ಹಲ್ಲು ಹೋಯಿತಲ್ಲ ಅಂದ.

ಆಮೇಲೆ ತಿಳಿದವರೊಬ್ಬರು ಹೇಳಿದರು, ಹೊಸ ಸಿಮೆಂಟಿನೊಳಗಿನ ಸರಳು ಸುರಕ್ಷಿತ ಆದ ಕೂಡಲೇ ಪಕ್ಕದ ಹಳೆ ಭಾಗದ ಸರಳಿಗೆ ತುಕ್ಕಿನ ಸರದಿ ಬರುತ್ತದೆ, ಬ್ಯಾಟರಿಯ ಎರಡು ತುದಿಯ ಹಾಗೆ. ಸರಳಿನ ಹಿಂದಿನವರೆಗೂ ಕೆತ್ತಿ, ತುಕ್ಕು ಉಜ್ಜಿ, ಕೆಟ್ಟ ಕಾಂಕ್ರೀಟು ಪೂರ್ತಿ ತೆಗೆಯಬೇಕಂತೆ. ಅಂಚಿನಲ್ಲಿ ಸತುವಿನ ಸಣ್ಣ ತುಂಡು ಕಟ್ಟುವುದೂ ಇದೆಯಂತೆ, ಸರಳಿನ ಬದಲು ಅದು ಕರಗುತ್ತದೆ. ಸರಳು ಸಿಮೆಂಟು ಸರ್ ಹೌದಾ ಅಲ್ಲವಾ ಹೇಳಬೇಕು.

ಇನ್ನೊಂದು. ತಾರಸಿಗೆ ರಾಸಾಯನಿಕ ಹಚ್ಚಿ ಸಾಕಾಗಿ, ಕೊನೆಗೆ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟ್ ಹಾಕಿದೆವು. ಸೋರಿಕೆ ಅವತ್ತೇ ನಿಂತಿತು. ನೋಡೋಕೆ ಗೋದಾಮಿನ ಥರ ಕಾಣುತ್ತದೆ ಅನ್ನುವುದೂ ನಿಜ. ಆದರೆ ನಮ್ಮ ಅಜ್ಜ ಮಳೆಗಾಲಕ್ಕೆ ಗೋಡೆಗೆ ಸೋಗೆ ತಟ್ಟಿ ಕಟ್ಟುತ್ತಿದ್ದ, ಅದೂ ಚಂದಕ್ಕೆ ಅಲ್ಲವಲ್ಲ.

ಸರಳು ಸಿಮೆಂಟು

ಮಾಣಿ, ಎರಡೂ ಸರಿ. ಶೀಟಿನ ಚೌಕಟ್ಟಿನ ಕಾಲನ್ನು ಕಂಬದ ತಲೆಯ ಮೇಲೇ ನಿಲ್ಲಿಸಬೇಕು, ಸ್ಲ್ಯಾಬಿನ ನಡುವೆ ಅಲ್ಲ. ಕಾರವಾರದ ಗಾಳಿಗೆ ಶೀಟ್ ಕಿತ್ತು ಹೋಗದ ಹಾಗೆ ಲಂಗರು ಬೇಕು.

ಹೊನ್ನಾವರ ಆರ್ಕಿ

ನಾನು ಆರ್ಕಿಟೆಕ್ಟ್, ಊರು ಹೊನ್ನಾವರ. "ಬರೀ ಡಬ್ಬಿ" ಅಂದವರಿಗೆ ಸ್ವಲ್ಪ ಉತ್ತರ ಕೊಡಬೇಕು ಅನಿಸಿತು.

ಆ ಡಬ್ಬಿ ಒಂದು ಯಂತ್ರ. ಪಶ್ಚಿಮದ ಓರೆ ಹಲಗೆ ಯಾಕಿವೆ ಗೊತ್ತಾ? ಮಧ್ಯಾಹ್ನದ ಮೇಲೆ ಬಿಸಿಲು ಸಮುದ್ರದ ಕಡೆಯಿಂದ ಕೆಳಗಿಳಿದು ಅಡ್ಡಲಾಗಿ ಬರುತ್ತದೆ. ಅಡ್ಡ ಛಜ್ಜಾ ಅದನ್ನು ತಡೆಯಲಾರದು. ನಿಂತ ಹಲಗೆ ಮಾತ್ರ ತಡೆಯುತ್ತದೆ, ಗಾಳಿಯನ್ನು ಬಿಡುತ್ತದೆ. ಕಾರವಾರ ಹೆಚ್ಚುಕಡಿಮೆ 15 ಡಿಗ್ರಿ ಅಕ್ಷಾಂಶದಲ್ಲಿದೆ. ಹಾಗಾಗಿ ಮೇ ತಿಂಗಳಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ತಲೆಗಿಂತ ಸ್ವಲ್ಪ ಉತ್ತರಕ್ಕಿರುತ್ತಾನೆ. ಉತ್ತರದ ಗೋಡೆಗೂ ಛಜ್ಜಾ ಇದೆಯಾ ನೋಡಿ. ಇದ್ದರೆ ನಕ್ಷೆ ಹಾಕಿದವರಿಗೆ ಲೆಕ್ಕ ಗೊತ್ತಿತ್ತು ಅಂತ ಅರ್ಥ. ಮೆಟ್ಟಿಲಿನ ಜಾಲಿ ಚಿಮಣಿಯ ಕೆಲಸ ಮಾಡುತ್ತದೆ, ಕೋಣೆಯ ಬಿಸಿ ಗಾಳಿ ಅಲ್ಲಿಂದ ಮೇಲೆ ಹೋಗುತ್ತದೆ. ಅದಕ್ಕೆ ಇಟ್ಟಿಗೆ ಕಟ್ಟಿದ ದಿನ ಕಟ್ಟಡದ ಮೂಗು ಮುಚ್ಚಿದ ಹಾಗಾಯಿತು.

ಆ ಕಾಲದಲ್ಲಿ ಇದನ್ನು ಹುಡುಗಾಟಕ್ಕೆ ಮಾಡಿದ್ದಲ್ಲ. ಹಳೆ ಮೈಸೂರಿನಲ್ಲಿ 1939ರಿಂದ ಸರಕಾರಿ ವಾಸ್ತುಶಿಲ್ಪಿಯಾಗಿದ್ದ ಓಟೋ ಕೋನಿಗ್ಸ್‌ಬರ್ಗರ್ ಬಿಸಿ ದೇಶದ ಕಟ್ಟಡಕ್ಕೆ ನೆರಳು, ಗಾಳಿ ಹೇಗೆ ಕೊಡಬೇಕು ಅನ್ನುವುದನ್ನೇ ಜೀವನಪೂರ್ತಿ ಅಭ್ಯಾಸ ಮಾಡಿದರು. ಪಾಂಡಿಚೇರಿಯ ಗೋಲ್ಕೊಂಡ ಅನ್ನುವ ವಸತಿಗೃಹ ವಾಸ್ತುಶಿಲ್ಪಿ ಅಂಟೋನಿನ್ ರೇಮಂಡ್ ಅವರದ್ದು, 1930ರ ದಶಕದ ಕೊನೆಯಲ್ಲಿ ಕೆಲಸ ಶುರುವಾದದ್ದು, ನಮ್ಮ ದೇಶದ ಮೊದಮೊದಲ ಆಧುನಿಕ ಶೈಲಿಯ ಕಾಂಕ್ರೀಟ್ ಕಟ್ಟಡಗಳಲ್ಲಿ ಒಂದು. ಅದೂ ಸಮುದ್ರದ ಊರೇ. ಗೋಡೆಯ ಬದಲು ತಿರುಗಿಸುವ ಹಲಗೆ ಸಾಲು. ಈಗಲೂ ಜನ ವಾಸ ಇದ್ದಾರೆ. ಅದು ಉಳಿದದ್ದು ಮಂತ್ರದಿಂದಲ್ಲ, ದಿನಾ ನೋಡಿಕೊಳ್ಳುವವರಿಂದ.

ಅಹಮದಾಬಾದಿನಲ್ಲಿ ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಕಟ್ಟಿದ ಐಐಎಂ ಹಾಸ್ಟೆಲುಗಳಲ್ಲಿ ಹೆಚ್ಚಿನವನ್ನು ಕೆಡವುತ್ತೇವೆ ಅಂತ 2020ರ ಡಿಸೆಂಬರಿನಲ್ಲಿ ಹೇಳಿ, ದೇಶವಿದೇಶದ ಜನ ಕೂಗೆಬ್ಬಿಸಿದ ಮೇಲೆ ಆಗ ಹಿಂದೆ ಸರಿದರು. ನಿಮ್ಮ ಕಟ್ಟಡಕ್ಕೆ ಅಷ್ಟು ಜನ ಬರುವುದಿಲ್ಲ. ನೀವೇ ನಾಲ್ಕು ಜನ ಮಾತಾಡಬೇಕು.

ಲೆಕ್ಕ ಪಕ್ಕಾ

ಅಕ್ಕಾ, ಅಹಮದಾಬಾದ್, ಪಾಂಡಿಚೇರಿ ಎಲ್ಲ ಸರಿ. ಸಂಘದ ಸದಸ್ಯರು ಡಿವಿಡೆಂಡ್ ಕೇಳುತ್ತಾರೆ. ಕೆಳಗೆ ಅಂಗಡಿ ಬಂದರೆ ತಿಂಗಳು ತಿಂಗಳು ಬಾಡಿಗೆ. ಗಾಜಿನ ಮುಖ ಇದ್ದರೆ ಬ್ಯಾಂಕು, ಮೊಬೈಲ್ ಶೋರೂಮು ತಾವಾಗಿ ಬರುತ್ತವೆ. ಈ ಓರೆ ಹಲಗೆ ನೋಡಿ ಯಾರು ಬರುತ್ತಾರೆ? ಪಾರ್ಕಿಂಗಿಗೂ ಜಾಗ ಇಲ್ಲ. ಯಂತ್ರ ಅಂದಿರಿ, ಯಂತ್ರ ಹಳೆಯದಾದರೆ ಗುಜರಿಗೆ ಹಾಕುತ್ತಾರೆ ಅಲ್ವಾ?

ಹೊನ್ನಾವರ ಆರ್ಕಿ

ಬಾಡಿಗೆಯ ಮಾತು ಒಪ್ಪುತ್ತೇನೆ, ಅದನ್ನು ಹಗುರಾಗಿ ತಗೊಳ್ಳುವುದಿಲ್ಲ. ನೆಲಮಹಡಿಯ ರಸ್ತೆ ಕಡೆಯ ಭಾಗವನ್ನು ಅಂಗಡಿಗೆ ಬಿಡುವುದು ಈ ಕಟ್ಟಡದಲ್ಲೂ ಆಗುತ್ತದೆ. ಕಂಬಗಳ ನಡುವಿನ ಗೋಡೆ ಭಾರ ಹೊರುವುದಿಲ್ಲ, ತೆಗೆಯಬಹುದು. ನಕ್ಷೆ ನೋಡಿಯೇ ತೆಗೆಯಬೇಕು ಅನ್ನಿ.

ಗಾಜಿನ ಬಗ್ಗೆ ಮಾತ್ರ ಕೇಳಿ. ನಿಮ್ಮ ಮುಖ ಪಶ್ಚಿಮಕ್ಕೆ. ಅಲ್ಲಿ ಪೂರ್ತಿ ಗಾಜು ಹಾಕಿದರೆ ಸಂಜೆವರೆಗೆ ಎಸಿಯ ಬಿಲ್ಲು ಕಟ್ಟುವವರು ಅದೇ ಬಾಡಿಗೆದಾರರು. ಗಾಜಿನ ಕಟ್ಟಡ ಸೋರುವುದಿಲ್ಲ ಅನ್ನುವುದೂ ಭ್ರಮೆ. ನ್ಯೂಯಾರ್ಕಿನ ಲಿವರ್ ಹೌಸ್ 1952ರದ್ದು, ಗಾಜಿನ ಮುಖದ ಆಫೀಸುಗಳಿಗೆ ಹಿರಿಯಣ್ಣ. ಗಾಜಿನ ಚೌಕಟ್ಟಿನೊಳಗೆ ನೀರು ಇಳಿಯಿತು, ಒಳಗಿನ ಸಾದಾ ಉಕ್ಕಿಗೆ ತುಕ್ಕು ಹಿಡಿದು ಉಬ್ಬಿತು, ಗಾಜು ಒಡೆಯತೊಡಗಿತು. ಐವತ್ತು ವರ್ಷ ತುಂಬುವ ಹೊತ್ತಿಗೆ ಮುಖವನ್ನೆಲ್ಲ ಬಿಚ್ಚಿ, ನೋಡಲು ಹಳೆಯದರಂತೆಯೇ ಕಾಣುವ ಹೊಸದನ್ನು ಹಾಕಿದರು. ಅಲ್ಲಿಗೆ ದುಡ್ಡಿತ್ತು, ಆಯಿತು. ನಿಮ್ಮ ಸಂಘಕ್ಕೆ?

ಕಡತ ಬಿಚ್ಚಿ

ಕಾನೂನಿನ ಕಡೆಯಿಂದ ಎರಡು ಮಾತು. ಪಾರಂಪರಿಕ ಅಂತ ರಕ್ಷಣೆ ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಸ್ಮಾರಕ ಅಂತ ಘೋಷಿಸಲು ಕೇಂದ್ರದ 1958ರ ಕಾಯ್ದೆ ನೂರು ವರ್ಷ ಕೇಳುತ್ತದೆ. ದಿಲ್ಲಿಯ ಹಾಲ್ ಆಫ್ ನೇಷನ್ಸ್ ಅನ್ನುವ ಪ್ರದರ್ಶನ ಭವನ 1972ರದ್ದು, ರಾಜ್ ರೇವಲ್ ಮತ್ತು ಮಹೇಂದ್ರ ರಾಜ್ ಕಟ್ಟಿದ್ದು. ಅದಕ್ಕೆ ಪಾರಂಪರಿಕ ಪಟ್ಟಿಗೆ ಸೇರುವಷ್ಟು ವಯಸ್ಸಾಗಿಲ್ಲ ಅಂದರು. 2017ರ ಎಪ್ರಿಲಿನಲ್ಲಿ ಕೆಡವಿದರು. ಈ ಕಾಲದ ಕಟ್ಟಡಗಳ ಹಣೆಬರಹವೇ ಅಷ್ಟು, ಹೊಸದೂ ಅಲ್ಲ, ಹಳೆಯದೂ ಅಲ್ಲ.

ಇನ್ನೊಂದು ಕಡೆ ನಿಮಗೆ ಲಾಭ ಇರಬಹುದು. ಉಬ್ಬರದ ಗೆರೆಯಿಂದ 500 ಮೀಟರಿನೊಳಗೆ ಕಟ್ಟಡ ಇದ್ದರೆ ಸಿಆರ್‌ಝಡ್, ಅಂದ್ರೆ ಕರಾವಳಿ ನಿಯಂತ್ರಣ ವಲಯದ ಲೆಕ್ಕಕ್ಕೆ ಬರುತ್ತದೆ. ನಿಂತಿರುವುದನ್ನು ರಿಪೇರಿ ಮಾಡುವುದು ಒಂದು, ಕೆಡವಿ ನಾಲ್ಕು ಮಹಡಿ ಎಬ್ಬಿಸುವುದು ಬೇರೆಯೇ ಅರ್ಜಿ. ಕೆಡವುವ ಮೊದಲು ಹೊಸದಕ್ಕೆ ಎಷ್ಟು ಎತ್ತರ, ಎಷ್ಟು ವಿಸ್ತೀರ್ಣ ಸಿಗುತ್ತದೆ ಅಂತ ಲಿಖಿತ ತಗೊಳ್ಳಿ. ಕೊಟೇಶನ್ ಕೊಟ್ಟವರು ಇದನ್ನು ನೋಡಿದ್ದಾರಾ ಕೇಳಿ.

ಅಂಕೋಲೆ ಅಕ್ಕ

ಎಲ್ಲರೂ ತುಕ್ಕು, ಗಾಳಿ ಅಂತಿದ್ದೀರಿ. ನನ್ನ ಅಮ್ಮ ಆ ಥರದ ಒಂದು ಆಫೀಸಿಗೆ ಪಿಂಚಣಿಯ ಕಾಗದಕ್ಕೆ ಹೋಗಿ ಮೆಟ್ಟಿಲ ಬುಡದಲ್ಲೇ ಕೂತು ಬಂದಿದ್ದಾರೆ. ಮಂಡಿ ನೋವು. ಮೇಲಿನ ಗುಮಾಸ್ತರು ಕೆಳಗೆ ಬರಲಿಲ್ಲ. ಮೊಸಾಯಿಕ್ ಎಷ್ಟು ಚಂದ ಇದ್ದರೇನು? ಲಿಫ್ಟು, ರ‍್ಯಾಂಪು ಇಲ್ಲದೆ ಉಳಿಸುವುದಾದರೆ ನನ್ನ ಮತ ಕೆಡವುವವರ ಕಡೆ.

ಹೊನ್ನಾವರ ಆರ್ಕಿ

ಅಕ್ಕ, ನೀವು ಹೇಳಿದ್ದು ಸರಿ, ನಾನೇ ಮೊದಲು ಹೇಳಬೇಕಿತ್ತು. ರ‍್ಯಾಂಪಿಗೆ ಒಂದಕ್ಕೆ ಹನ್ನೆರಡರ ಇಳಿಜಾರು. ಜಗಲಿ ಎರಡು ಅಡಿ ಎತ್ತರ ಇದ್ದರೆ 24 ಅಡಿ ಉದ್ದ ಬೇಕು, ಪಕ್ಕದ ಗೋಡೆಗುಂಟ ತರಬಹುದು. ಲಿಫ್ಟಿಗಾಗಿ ಹಳೆ ಸ್ಲ್ಯಾಬ್ ಕತ್ತರಿಸಬೇಡಿ. ಹಿಂಬದಿಗೆ ಬೇರೆ ಅಡಿಪಾಯದ ಮೇಲೆ ಒಂದು ಗೋಪುರ ನಿಲ್ಲಿಸಿ, ಶೌಚಾಲಯಗಳನ್ನೂ ಅದರ ಪಕ್ಕಕ್ಕೇ ಒಯ್ಯಿರಿ. ಮೊದಲ ಮಹಡಿಯ ಸೋರುವ ಮೂಲೆಯ ಕಾಟವೂ ಅಲ್ಲಿಗೆ ಮುಗಿಯುತ್ತದೆ.

ಕಾಳಿ ದಂಡೆ

ತಿಂಗಳ ಮೇಲೆ ವಾಪಸ್ ಬರೆಯುತ್ತಿದ್ದೇನೆ. ತಡವಾಯಿತು, ಕ್ಷಮಿಸಿ.

ನಕ್ಷೆ ಸಿಕ್ಕಿತು! ಹಸಿರು ಕಪಾಟು, ಮೇಲಿನ ಖಾನೆ. ಒಂದು ಮೂಲೆ ಇಲಿ ತಿಂದಿದೆ, ಉಳಿದದ್ದು ಚೆನ್ನಾಗಿದೆ. ಎಲ್ಲ ಅಡಿ ಇಂಚಿನಲ್ಲಿ. ಉತ್ತರದ ಕಿಟಕಿಗಳಿಗೂ ಛಜ್ಜಾ ಇದೆ ಆರ್ಕಿ ಮೇಡಂ. ಇಷ್ಟು ವರ್ಷ ನೋಡಿಯೂ ನೋಡಿರಲಿಲ್ಲ.

ಪರೀಕ್ಷೆಯೂ ಆಯಿತು. ಸುತ್ತಿಗೆ ಹಿಡಿದು ಬಂದ ಹುಡುಗರು ಎರಡು ದಿನ ತಟ್ಟಿದರು. ಒಳಗಿನ ಕಂಬ, ತೊಲೆ ಹೆಚ್ಚಿನವು ಗಟ್ಟಿ ಇವೆ. ಕಂಬ ಕೆತ್ತಿ ಸಿಂಪಡಿಸಿದಾಗ ಸರಳಿಗೆ ಮೊದಲೇ ಗುಲಾಬಿ ಬಂತು. ಅಲ್ಲಿದ್ದ ಅಧ್ಯಕ್ಷರು ಮಗುವಿನ ಹಾಗೆ ಖುಷಿಪಟ್ಟರು. ಛಜ್ಜಾದಲ್ಲಿ ಬಣ್ಣವೇ ಬರಲಿಲ್ಲ, ಉಪ್ಪೂ ತುಂಬಿದೆ, ಅವೆಲ್ಲ ಹೋದ ಲೆಕ್ಕ. ಪಶ್ಚಿಮದ ಅಂಚಿನ ತೊಲೆಗಳೂ ಕೆಟ್ಟಿವೆ. ಓರೆ ಹಲಗೆಗಳಲ್ಲಿ ಮೂರರಲ್ಲೊಂದು ಹೊಸದಾಗಿ ಎರಕ ಹೊಯ್ಯಬೇಕು. ಎಲ್ಲಕ್ಕಿಂತ ಕೆಟ್ಟದ್ದು ಸಮುದ್ರದ ಕಡೆ ಅಲ್ಲವೇ ಅಲ್ಲ. ಆಮೇಲೆ ಮಾಡಿದ ಶೌಚಾಲಯದ ಕೆಳಗಿನ ಕಂಬ! ಬುಡದಲ್ಲಿ ಸರಳು ಅರ್ಧ ತಿಂದು ಹೋಗಿದೆ. ಸದ್ಯಕ್ಕೆ ಕಬ್ಬಿಣದ ಆಧಾರ ಕೊಟ್ಟು ಶೌಚಾಲಯಕ್ಕೆ ಬೀಗ ಹಾಕಿದ್ದೇವೆ.

ಪೋರ್ಚ್ ಉಳಿಯುವುದಿಲ್ಲ. ಅದೇ ಆಕಾರದಲ್ಲಿ ಹೊಸದಾಗಿ ಕಟ್ಟಬಹುದು ಅಂದಿದ್ದಾರೆ. ಇದು ಕೇಳಿ ನನಗೆ ಬೇಜಾರಾಯಿತು. ಹೊಸದಾಗಿ ಕಟ್ಟಿದರೆ ಅದು ಹಳೆ ಪೋರ್ಚ್ ಹೇಗಾಗುತ್ತದೆ?

ರಿಪೇರಿ, ಲಿಫ್ಟು, ವೈರಿಂಗು ಎಲ್ಲ ಸೇರಿ ಹೊಸ ಕಟ್ಟಡದ ಕೊಟೇಶನ್ನಿನ ಅರ್ಧಕ್ಕಿಂತ ಸ್ವಲ್ಪ ಮೇಲೆ ಬರುತ್ತದೆ. ವೈರಿಂಗ್ ಮಾತ್ರ ಪೂರ್ತಿ ಹೊಸದು, ಮರದ ಪಟ್ಟಿ ಮೇಲಿನ ಹಳೆ ವಯರು ಈಗಲೂ ಕೆಲವು ಕಡೆ ಜೀವಂತ ಇತ್ತು! ಸಿಆರ್‌ಝಡ್ ಬಗ್ಗೆ ಕೇಳಿದಾಗ ಕೊಟೇಶನ್ ಕೊಟ್ಟವರು ಅದು ನಿಮ್ಮ ಜವಾಬ್ದಾರಿ ಅಂದರು. ಆ ಮೀಟಿಂಗಿನಲ್ಲಿ ಮೊದಲ ಸಲ ಕೆಡವುವ ಪಕ್ಷ ಸುಮ್ಮನಾಯಿತು. ಅಂತಿಮ ತೀರ್ಮಾನ ಸರ್ವಸಾಧಾರಣ ಸಭೆಗೆ ಬಿಟ್ಟಿದೆ.

ಲೆಕ್ಕ ಪಕ್ಕಾ

ಅರ್ಧಕ್ಕಿಂತ ಮೇಲೆ ಅಂದ್ರೆ ನನ್ನ ಮಾತು ಪೂರ್ತಿ ಸುಳ್ಳಾಗಿಲ್ಲ. ಸಭೆಯಲ್ಲಿ ಇನ್ನು ಎಷ್ಟು ವರ್ಷ ಬರುತ್ತದೆ ಅಂತ ಕೇಳುತ್ತಾರೆ, ಉತ್ತರ ರೆಡಿ ಇಟ್ಟುಕೊಳ್ಳಿ. ಆದರೆ ಶೌಚಾಲಯದ ಕಂಬದ ಕತೆ ಕೇಳಿ ಹೆದರಿಕೆ ಆಯಿತು. ಅದು ಹಳೆ ಕಟ್ಟಡದ ತಪ್ಪಲ್ಲ, ಒಪ್ಪುತ್ತೇನೆ.

ಸರಳು ಸಿಮೆಂಟು

ಎಷ್ಟು ವರ್ಷ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ. ಛಜ್ಜಾಗಳಿಗೆ ತಪಾಸಣೆ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಆಗಬೇಕು, ಅದನ್ನು ಬಜೆಟ್ಟಿಗೇ ಸೇರಿಸಿ. ಇನ್ನೊಂದು, ಕಟ್ಟಿದ ಕಾಲದಲ್ಲಿ ಭೂಕಂಪದ ಮಾನಕ ಐಎಸ್ 1893 ಬಂದೇ ಇರಲಿಲ್ಲ, ಅದು 1962ರದ್ದು. ಅದರ 2016ರ ಆವೃತ್ತಿಯಲ್ಲಿ ನಮ್ಮ ಕರಾವಳಿ ಭೂಕಂಪ ವಲಯ 3. ಕಂಬಕ್ಕೆ ಜಾಕೆಟ್, ಅಂದ್ರೆ ಸುತ್ತ ಹೊಸ ಕಾಂಕ್ರೀಟಿನ ಪದರ, ಹಾಕುವಾಗ ಸರಳಿನ ರಿಂಗುಗಳನ್ನು ಹತ್ತಿರ ಹತ್ತಿರ ಕಟ್ಟಿಸಿ. ದಾಖಲೆ ಕೋಣೆಯನ್ನು ನೆಲಮಹಡಿಗೆ ಇಳಿಸಿ. ಕಡತದ ಕೋಣೆಗೆ ಚದರ ಮೀಟರಿಗೆ 500 ಕಿಲೋ ಲೆಕ್ಕ, ಸಾದಾ ಆಫೀಸಿಗೆ ಅದರ ಅರ್ಧ.

ಮೊದಲು ಮಾಡಬೇಕಾದ್ದು ಕೋಬಾ ತೆಗೆಯುವುದು. ಒಂದೇ ಕಡೆ ರಾಶಿ ಹಾಕದೆ, ಅವತ್ತಿನ ಚೂರು ಅವತ್ತೇ ಕೆಳಗಿಳಿಸಿ. ಮೇ ತಿಂಗಳೊಳಗೆ ಶೀಟ್ ಬೀಳಬೇಕು.

ನಿವೃತ್ತ ಗುಮಾಸ್ತ

ಪೋರ್ಚ್ ಹೊಸದಾದರೆ ಆಗಲಿ ತಮ್ಮಾ. ಬಸ್ಸು ಇಳಿದು ಓಡಿ ಬಂದವರಿಗೆ ಮಳೆಗೆ ನಿಲ್ಲೋಕೆ ಒಂದು ಜಾಗ ಬೇಕು, ಅದು ಯಾವ ವರ್ಷದ್ದು ಅಂತ ಯಾರು ಕೇಳುತ್ತಾರೆ? ಅಂಕೋಲೆ ಅಕ್ಕನ ಅಮ್ಮನನ್ನು ಕೂರಿಸಿದ ಗುಮಾಸ್ತ ನಾನಲ್ಲ, ಆದರೂ ನಾಚಿಕೆ ಆಯಿತು. ಜಾಲಿ ಏನಾಯಿತು?

ಕಾಳಿ ದಂಡೆ

ನೋಡೋಣ ಅಂತ ಮೊದಲ ಮಹಡಿಯ ಮೆಟ್ಟಿಲಲ್ಲಿ ನಾಲ್ಕು ಅಂಕಣದ ಇಟ್ಟಿಗೆ ಮಾತ್ರ ತೆಗೆಸಿದೆವು, ಶನಿವಾರ. ಜಾಲಿಗೆ ಏನೂ ಆಗಿರಲಿಲ್ಲ, ಹಿಂದೆ ಹಳೆ ಸುಣ್ಣ ಹಾಗೇ ಇತ್ತು. ಮಳೆ ಎರಚಲಿಗೆ ಒಳಗಿನಿಂದ ಮಡಚುವ ಮರದ ಬಾಗಿಲು ಮಾಡಿಸೋಣ ಅಂತಿದ್ದೇವೆ. ಸೋಮವಾರ ಸಂಜೆ ನಾಲ್ಕೂವರೆಗೆ ಗಾಳಿ ಬಂತು ನೋಡಿ, ಸಾಲದ ಅರ್ಜಿಯ ಕಟ್ಟು ಇಡೀ ಕೋಣೆ ಹಾರಿತು. ಮ್ಯಾನೇಜರು ಬೈದರು. ಟ್ಯೂಬ್‌ಲೈಟ್ ಆರಿಸಿಯೇ ಬೈದರು ಅನ್ನುವುದು ಬೇರೆ ಮಾತು. ಗುಮಾಸ್ತರೇ, ಆ ಹಳೆ ಪೇಪರ್‌ವೇಟು ಎಲ್ಲಿವೆ?

ನಿವೃತ್ತ ಗುಮಾಸ್ತ

ಅದೇ ಹಸಿರು ಕಪಾಟು. ಕೆಳಗಿನ ಖಾನೆ, ಬಲಗಡೆ, ಸಿಗರೇಟಿನ ತಗಡಿನ ಡಬ್ಬಿ ಪಕ್ಕ. ಎರಡು ಡಜನ್ ಇರಬೇಕು. ಎಣಿಸಿ ಸಹಿ ಹಾಕಿ ತಗೊಳ್ಳಿ.